ಹಾಸನ–ಚಿಕ್ಕಮಗಳೂರಿನಲ್ಲಿ ಪರಿಸರಸ್ನೇಹಿ ಮನೆ: ಸರಿಯಾದ ಮಾಹಿತಿ, ಸಾಮಾನು, ಜನ ಹುಡುಕುವುದು ಹೇಗೆ?

ಪರಿಸರಸ್ನೇಹಿ ಮನೆ ಅಂತ ಮೊಬೈಲಿನಲ್ಲಿ ಹುಡುಕಿದರೆ ವಿಡಿಯೊಗಳಿಗೆ ಬರವಿಲ್ಲ. ಒಂದು ರಾಜಸ್ಥಾನದ ಮಣ್ಣಿನ ಮನೆ, ಇನ್ನೊಂದು ಬೆಂಗಳೂರು ಹೊರವಲಯದ ಫಾರ್ಮ್‌ಹೌಸ್. ನೋಡೋಕೆ ಚೆಂದ. ಆದರೆ ಜುಲೈ ತಿಂಗಳಲ್ಲಿ ಸಕಲೇಶಪುರದ ಹತ್ತಿರ ಆ ಗೋಡೆ ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಹಾಗಾಗಿ ಪುಸ್ತಕ, ವಿಡಿಯೊ, ಆರ್ಕಿಟೆಕ್ಟ್, ಅಂಗಡಿಯವನು, ಯಾರೇ ಆಗಲಿ, ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಇದು ಎಷ್ಟು ಮಳೆ ಕಂಡಿದೆ? ಈ ಬರಹ ಪೂರ್ತಿ ಆ ಪ್ರಶ್ನೆ ಹಿಡಿದುಕೊಂಡೇ ಹೋಗುತ್ತದೆ.

1. ನಿಮ್ಮ ಜಾಗದ ಮಳೆ ಲೆಕ್ಕ ಹಿಡಿಯಿರಿ

ನಮ್ಮ ಎರಡೂ ಜಿಲ್ಲೆಗಳು ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಅರಸೀಕೆರೆ, ಕಡೂರು ಕಡೆ ವರ್ಷಕ್ಕೆ ಸುಮಾರು 600–700 ಮಿ.ಮೀ. ಮಳೆ. ಸಕಲೇಶಪುರ, ಮೂಡಿಗೆರೆ ಕಡೆ 2000 ಮಿ.ಮೀ. ದಾಟುತ್ತದೆ, ಘಟ್ಟದ ಅಂಚಿಗೆ ಹೋದಷ್ಟೂ ಇನ್ನೂ ಜಾಸ್ತಿ. ಕಡೂರಿನಲ್ಲಿ ಚೆನ್ನಾಗಿ ನಿಂತ ಗೋಡೆಯನ್ನೇ ತಂದು ಕೊಟ್ಟಿಗೆಹಾರದಲ್ಲಿ ಕಟ್ಟಿದರೆ ಅದು ಬೇರೆಯೇ ಕಥೆ.

ಹೋಬಳಿ ಮಟ್ಟದ ಮಳೆ ವಿವರ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲತಾಣದಲ್ಲಿ ಸಿಗುತ್ತದೆ. ಕಾಫಿ ಸೀಮೆಯವರಿಗೆ ಇನ್ನೂ ಸುಲಭದ ದಾರಿ ಇದೆ. ಹಳೇ ಎಸ್ಟೇಟುಗಳಲ್ಲಿ ಮಳೆ ಮಾಪನ ಇಟ್ಟು ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ಪಕ್ಕದ ತೋಟದ ಸಾಹುಕಾರರನ್ನೋ ಲೆಕ್ಕ ಬರೆಯುವ ರೈಟರನ್ನೋ ಕೇಳಿ ನೋಡಿ. ಲೆಕ್ಕ ಇಂಚಿನಲ್ಲಿ ಇರುತ್ತದೆ, 25.4ರಿಂದ ಗುಣಿಸಿದರೆ ಮಿ.ಮೀ. ಬಂತು. ಕೇಳುವಾಗ ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ ಅಂತಲೂ ಕೇಳಿ. ಸಾಮಾನ್ಯವಾಗಿ ಪಡುವಣ, ನೈಋತ್ಯ. ಆದರೆ ಗುಡ್ಡದ ಮರೆ, ಕಣಿವೆಯ ಗಾಳಿ ಇದ್ದ ಕಡೆ ಬದಲಾಗುತ್ತದೆ.

ಇದು ಗೊತ್ತಾದರೆ ಯಾರ ಮಾತು ಕೇಳಬೇಕು ಅನ್ನುವುದು ಅರ್ಧ ತೀರ್ಮಾನವಾದಂತೆ. ಮಲೆನಾಡಿನ ಕಡೆಯವರು ಕೇರಳ, ಕೊಡಗು, ಕರಾವಳಿಯ ಅನುಭವ ಹುಡುಕಿ, ಅವರೂ ಇದೇ ಮುಂಗಾರಿನಲ್ಲಿ ನೆನೆಯುವವರು. ಬಯಲುಸೀಮೆಯವರಿಗೆ ಬೆಂಗಳೂರು, ತುಮಕೂರು, ಪುದುಚೇರಿ ಹತ್ತಿರದ ಆರೋವಿಲ್ ಕಡೆಯ ಮಣ್ಣಿನ ಕೆಲಸ ಹೆಚ್ಚು ಹೊಂದುತ್ತದೆ. ಹಾಸನ, ಚಿಕ್ಕಮಗಳೂರು ಪಟ್ಟಣದವರು ನಡುವೆ ಇದ್ದೀರಿ, ಎರಡನ್ನೂ ನೋಡಿ.

2. ಮಳೆಗಾಲದಲ್ಲಿ ಹಳೇ ಮನೆ ನೋಡೋಕೆ ಹೋಗಿ

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಮಾಹಿತಿ ಸಿಗುವುದು ಇಲ್ಲೇ, ಅದೂ ಪುಕ್ಕಟೆ. ಬೇಸಿಗೆಯಲ್ಲಿ ಎಲ್ಲ ಮನೆಯೂ ಚೆನ್ನಾಗೇ ಕಾಣುತ್ತದೆ. ಜುಲೈ ಕೊನೆಗೋ ಆಗಸ್ಟಿನಲ್ಲೋ ಹೋಗಿ. ಜೇಬಲ್ಲಿ ಒಂದು ಟೇಪು ಇರಲಿ.

ನೆಲದಿಂದ ಮೇಲಕ್ಕೆ ನೋಡುತ್ತಾ ಬನ್ನಿ. ಪಾಯದ ಕಲ್ಲು ನೆಲದಿಂದ ಎಷ್ಟು ಎತ್ತರ ಎದ್ದಿದೆ? ಸೈಜುಗಲ್ಲಿನ ಕಟ್ಟೆ ಎರಡು ಅಡಿಗಿಂತ ಎತ್ತರ ಇದ್ದ ಕಡೆ, ಸೂರಿನಿಂದ ಬಿದ್ದು ಚಿಮ್ಮುವ ನೀರು ಕಲ್ಲಿಗೆ ಬಡಿಯುತ್ತದೆ, ಮಣ್ಣಿನ ಗೋಡೆಗೆ ತಗಲುವುದು ಕಡಿಮೆ. ಕಲ್ಲಿನ ಮೇಲೆ ಪಾಚಿ ಎಲ್ಲಿವರೆಗೆ ಹತ್ತಿದೆ ಅಂತ ಅಳೆಯಿರಿ. ಅದೇ ನಿಮ್ಮ ಊರಿನಲ್ಲಿ ನೀರು ಚಿಮ್ಮುವ ಎತ್ತರ. ಯಾವ ಕೋಡ್ ಪುಸ್ತಕದಲ್ಲೂ ಈ ಅಂಕಿ ಸಿಗುವುದಿಲ್ಲ. ಆಮೇಲೆ ಸೂರು ಗೋಡೆಯಿಂದ ಎಷ್ಟು ಹೊರಗೆ ಚಾಚಿದೆ ನೋಡಿ. ಹಂಚಿನ ಮನೆ ಇದ್ದದ್ದಕ್ಕೆ ಮುಂದೆ ಮೋಲ್ಡ್ ಹಾಕಿ ಹೊಸ ರೂಮು ಸೇರಿಸಿದ್ದರೆ ಇನ್ನೂ ಒಳ್ಳೆಯದು, ಒಂದೇ ಮಳೆಯಲ್ಲಿ ಎರಡನ್ನೂ ಹೋಲಿಸಬಹುದು. ಸಜ್ಜಾ ಗಿಡ್ಡ ಇರುವ ಹೊಸ ಗೋಡೆಯ ಕಿಟಕಿ ಕೆಳಗೆ ಕಪ್ಪು ಗೆರೆ ಇಳಿದಿರುತ್ತದೆ, ಪಕ್ಕದ ಹಳೇ ಗೋಡೆ ಒಣಗಿಕೊಂಡೇ ಇರುತ್ತದೆ.

ಮನೆಯವರನ್ನು ಮೂರು ವಿಷಯ ಕೇಳಿ: ಯಾವಾಗ ಕಟ್ಟಿದ್ದು, ಕೊನೆಗೆ ಯಾವಾಗ ರಿಪೇರಿ ಮಾಡಿಸಿದ್ದು, ಈಗ ಕಟ್ಟಿದರೆ ಏನು ಬದಲಾಯಿಸ್ತೀರಾ. ಮೂರನೆಯದಕ್ಕೆ ಬರುವ ಉತ್ತರ ಬರೆದಿಟ್ಟುಕೊಳ್ಳಿ. ಒಳ್ಳೆ ಗಾರೆ ಮೇಸ್ತ್ರಿ, ಆಚಾರ್ರ ಹೆಸರು ಸಿಗುವುದೂ ಇಲ್ಲೇ.

3. ಪುಕ್ಕಟೆ ಸಿಗುವ ದಾಖಲೆಗಳು, ಯಾವುದು ಓದಬೇಕು

ಸರ್ಕಾರಿ ದಾಖಲೆ ಅಂದ ತಕ್ಷಣ ಆಕಳಿಸಬೇಡಿ. ಎಲ್ಲ ಓದಬೇಕಾಗಿಲ್ಲ, ನಮಗೆ ಬೇಕಾದ ಪುಟ ತೆಗೆದುಕೊಂಡರೆ ಸಾಕು.

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ, ಅದೇ ಬಿಇಇ, 2018ರಲ್ಲಿ ಇಕೋ ನಿವಾಸ್ ಸಂಹಿತಾ ಅಂತ ಮನೆಗಳಿಗೆಂದೇ ಒಂದು ಕೋಡ್ ತಂದಿತು. ಗೋಡೆ, ಕಿಟಕಿಗಳಿಂದ ಒಳಗೆ ಬರುವ ಶಾಖ ಒಂದು ಚದರ ಮೀಟರಿಗೆ 15 ವ್ಯಾಟ್ ದಾಟಬಾರದು ಅನ್ನುವುದು ಅದರ ಮುಖ್ಯ ಲೆಕ್ಕ. ಅರಸೀಕೆರೆ ಬಿಸಿಲಿಗೆ ಅದು ಬೇಕು. ಮಲೆನಾಡಿನವರಿಗೆ ಅದರಲ್ಲಿ ಹೆಚ್ಚು ಉಪಯೋಗ ಆಗುವುದು ಕಿಟಕಿಯ ಲೆಕ್ಕ. ತೆರೆಯಲು ಬರುವ ಕಿಟಕಿ, ಬಾಗಿಲು, ವೆಂಟಿಲೇಟರುಗಳ ಜಾಗ ನೆಲದ ವಿಸ್ತೀರ್ಣದ ಇಷ್ಟು ಪಾಲು ಇರಲೇಬೇಕು ಅಂತ ಹೇಳುತ್ತದೆ: ಸಮಶೀತೋಷ್ಣ ವಲಯಕ್ಕೆ 12.5 ಶೇಕಡಾ, ಬಿಸಿ ಮತ್ತು ತೇವದ ವಲಯಕ್ಕೆ 16.66 ಶೇಕಡಾ. ಅಂದರೆ 1000 ಚದರ ಅಡಿ ಮನೆಗೆ ಕಡಿಮೆ ಅಂದರೂ 125 ಚದರ ಅಡಿ ತೆರೆಯುವ ಜಾಗ. ಗಾಜಿನ ಅಳತೆ ಇಲ್ಲಿ ಲೆಕ್ಕಕ್ಕಿಲ್ಲ. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಹಾಕಿಸಿದರೆ ಅರ್ಧವಷ್ಟೇ ತೆರೆಯುತ್ತದೆ, ಲೆಕ್ಕವೂ ಅರ್ಧಕ್ಕೇ ಇಳಿಯುತ್ತದೆ. ನಿಮ್ಮ ಪ್ಲಾನ್ ಹಿಡಿದು ಇದೊಂದು ಲೆಕ್ಕ ಹಾಕಿ ನೋಡಿ. ಮಳೆಗಾಲದಲ್ಲಿ ಬಟ್ಟೆ ಬೂಸ್ಟು ಹಿಡಿಯುವ ಮನೆಗಳು ಯಾಕೆ ಹಾಗೆ ಅಂತ ಅಲ್ಲೇ ತಿಳಿಯುತ್ತದೆ.

ಭಾರತೀಯ ಮಾನಕ ಬ್ಯೂರೊ, ಅದೇ ಬಿಐಎಸ್, ತರುವ ಮಾನದಂಡಗಳು ಅವರ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿದರೆ ಉಚಿತವಾಗಿ ಸಿಗುತ್ತವೆ. ಮೂರು ಸಾಕು. ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಗೆ ಐಎಸ್ 1725, ಸುಟ್ಟ ಇಟ್ಟಿಗೆ ಪರೀಕ್ಷೆಗೆ ಐಎಸ್ 3495, ಚಾವಣಿ ಮಳೆನೀರು ಹಿಡಿಯಲು ಐಎಸ್ 15797.

ಕೇರಳದಲ್ಲಿ ಕೆಲಸ ಮಾಡಿದ ಲಾರಿ ಬೇಕರ್ ಅವರ ಕೈಬರಹ, ಚಿತ್ರಗಳ ಸಣ್ಣ ಪುಸ್ತಿಕೆಗಳು ಉಚಿತವಾಗಿ ಸಿಗುತ್ತವೆ. ಇಂಗ್ಲಿಷಿನಲ್ಲಿವೆ, ಆದರೆ ಚಿತ್ರ ನೋಡಿಯೇ ಮೇಸ್ತ್ರಿಗೆ ಅರ್ಥವಾಗುತ್ತದೆ. ಇಟ್ಟಿಗೆಯನ್ನು ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ ರ‍್ಯಾಟ್ ಟ್ರ್ಯಾಪ್ ಕಟ್ಟಡದಲ್ಲಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಮೋಲ್ಡಿನ ಕೆಳಭಾಗದಲ್ಲಿ ಹಳೇ ಮಂಗಳೂರು ಹಂಚು ಕೂರಿಸುವ ಫಿಲ್ಲರ್ ಸ್ಲ್ಯಾಬಿನಲ್ಲಿ ಕಾಂಕ್ರೀಟ್ ಉಳಿಯುತ್ತದೆ. ಮಳೆ ಹೊಡೆಯುವ ಪಡುವಣ ಗೋಡೆಗೆ ರ‍್ಯಾಟ್ ಟ್ರ್ಯಾಪ್ ಮಾಡಿ ಪ್ಲಾಸ್ಟರಿಂಗ್ ಇಲ್ಲದೆ ಬಿಡುವುದು ಮಾತ್ರ ನಾನು ಒಪ್ಪುವುದಿಲ್ಲ, ಸೂರು ಉದ್ದ ಇದ್ದರೆ ಸರಿ.

ಕಟ್ಟಡ ಎಷ್ಟು ಪರಿಸರಸ್ನೇಹಿ ಅಂತ ಅಂಕ ಕೊಡುವ ಗೃಹ (GRIHA), ಐಜಿಬಿಸಿ ರೇಟಿಂಗ್ ಬಗ್ಗೆ ಜನ ತುಂಬಾ ಮಾತಾಡುತ್ತಾರೆ. ಒಂದು ಮನೆಗೆ ಸರ್ಟಿಫಿಕೇಟ್ ಮಾಡಿಸುವ ಅಗತ್ಯ ನನಗಂತೂ ಕಾಣುವುದಿಲ್ಲ. ಆದರೆ ಗೃಹದಲ್ಲಿ 2500 ಚದರ ಮೀಟರಿಗಿಂತ ಚಿಕ್ಕ ಕಟ್ಟಡಗಳಿಗೆ ಸ್ವಗೃಹ ಅಂತ ಒಂದು ವಿಭಾಗ ಇದೆ, ಅದರ ಪಟ್ಟಿ ಇಳಿಸಿಕೊಂಡು ಏನೇನು ಮರೆತಿದ್ದೇವೆ ಅಂತ ನೋಡೋಕೆ ಚೆನ್ನಾಗಿದೆ. ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ ಸಂಸ್ಥೆಯ ಎಡ್ಜ್ ಅನ್ನುವ ಉಚಿತ ಸಾಧನವೂ ಇದೆ. ಗೋಡೆ ಇಟ್ಟಿಗೆಯದ್ದಾದರೆ ಎಷ್ಟು, ಗಾಳಿಗುಳ್ಳೆಯ ಹಗುರ ಕಾಂಕ್ರೀಟಿನ ಎಎಸಿ ಬ್ಲಾಕ್ ಆದರೆ ಎಷ್ಟು ಅಂತ ವಿದ್ಯುತ್, ನೀರು, ಸಾಮಾನು ತಯಾರಿಕೆಗೆ ಹಿಡಿದ ಶಕ್ತಿ ಮೂರನ್ನೂ ಹೋಲಿಸಿ ತೋರಿಸುತ್ತದೆ. ಕಂಪ್ಯೂಟರ್ ಗೊತ್ತಿರುವ ಮಕ್ಕಳಿಗೆ ಕೊಡಿ, ಒಂದು ಭಾನುವಾರದಲ್ಲಿ ಮುಗಿಸುತ್ತಾರೆ.

4. ಯಾರನ್ನು ಕೇಳಬೇಕು

ಹತ್ತಿರದಿಂದ ಶುರು ಮಾಡಿ. ಎರಡೂ ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರ ಇದೆ. ಕಡಿಮೆ ಖರ್ಚಿನ ಕಟ್ಟಡ ತಂತ್ರ ಹರಡಲಿ ಅಂತಲೇ ಈ ಕೇಂದ್ರಗಳು ಹುಟ್ಟಿದ್ದು. ಈಗ ಹೆಚ್ಚಾಗಿ ಸರ್ಕಾರಿ ಕಟ್ಟಡ ಕೆಲಸದಲ್ಲೇ ಇರುತ್ತಾರೆ, ಆದರೂ ಹೋಗಿ ಮಾತಾಡಿಸಿ. ಹಾಸನದಲ್ಲಿ 1960ರಲ್ಲಿ ಶುರುವಾದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯ ಇವೆ. ಸಿವಿಲ್ ವಿಭಾಗದಲ್ಲಿ ಇಟ್ಟಿಗೆ, ಮಣ್ಣು, ಕಾಂಕ್ರೀಟ್ ಪರೀಕ್ಷೆ ಹೊರಗಿನವರಿಗೆ ಮಾಡಿಕೊಡುತ್ತಾರಾ, ಶುಲ್ಕ ಎಷ್ಟು ಅಂತ ವಿಚಾರಿಸಿ.

ದೂರದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಖ್ಯ. ಅಲ್ಲಿ 1974ರಲ್ಲಿ ಅಸ್ತ್ರ ಅನ್ನುವ ಹೆಸರಿನಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನದ ಕೆಲಸ ಶುರುವಾಯಿತು. ಕರ್ನಾಟಕದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಹರಡಿದ್ದರ ಹಿಂದೆ ಅವರ ಕೆಲಸ ದೊಡ್ಡದು. 1989ರಲ್ಲಿ ಕೇಂದ್ರ ಸರ್ಕಾರದ ವಸತಿ ಸಾಲ ಸಂಸ್ಥೆ ಹುಡ್ಕೊ ನೆರವಿನಿಂದ ಆರಂಭವಾದ ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟ್ ಮಣ್ಣಿನ ಕಟ್ಟಡದ ತರಬೇತಿ ಕೊಡುತ್ತದೆ. ಬೇಕರ್ ದಾರಿಯಲ್ಲೇ ನಡೆಯುವ ಕಾಸ್ಟ್‌ಫೋರ್ಡ್ ತ್ರಿಶೂರಿನಲ್ಲಿದೆ.

ಫೋನ್ ಮಾಡಿ ಸುಮ್ನೆ ‘ಗ್ರೀನ್ ಮನೆ ಬಗ್ಗೆ ಹೇಳಿ ಸಾರ್’ ಅಂದರೆ ಅವರೂ ಸುಮ್ನೆ ಏನೋ ಹೇಳಿ ಇಟ್ಟುಬಿಡುತ್ತಾರೆ. ಊರು, ಮಳೆ ಎಷ್ಟು, ಮಣ್ಣಿನ ಫೋಟೊ, ಎಷ್ಟು ಚದರ, ಬಜೆಟ್ ಎಷ್ಟು, ಇಷ್ಟನ್ನು ಒಂದೇ ಪುಟದಲ್ಲಿ ಬರೆದು ಕಳಿಸಿ, ಒಂದೇ ಪ್ರಶ್ನೆ ಕೇಳಿ. ಆರ್ಕಿಟೆಕ್ಟ್ ಆದರೆ ಐದು ಮಳೆಗಾಲ ಕಳೆದ ಅವರ ಮನೆಯೊಂದನ್ನು ತೋರಿಸಲು ಹೇಳಿ, ಅಲ್ಲಿ ವಾಸ ಇರುವವರ ಹತ್ತಿರ ಆರ್ಕಿಟೆಕ್ಟ್ ಇಲ್ಲದಾಗ ಮಾತಾಡಿ. ಗೃಹಪ್ರವೇಶದ ದಿನದ ಫೋಟೊ ಯಾರು ಬೇಕಾದರೂ ತೋರಿಸುತ್ತಾರೆ, ಅಲ್ವಾ?

5. ಮಣ್ಣು, ಇಟ್ಟಿಗೆ: ನೀವೇ ಪರೀಕ್ಷಿಸಿ

ನಿಮ್ಮ ಜಾಗದ ಮಣ್ಣಿನಲ್ಲೇ ಇಟ್ಟಿಗೆ ಒತ್ತಿಸುವ ಆಸೆ ಇದ್ದರೆ, ಮೇಲಿನ ಕಪ್ಪು ಪದರ ತೆಗೆದು ಕೆಳಗಿನ ಮಣ್ಣು ತೆಗೆದುಕೊಳ್ಳಿ. ಮೇಲ್ಮಣ್ಣು ತೋಟಕ್ಕೆ ಹೋಗಲಿ. ನೇರ ಗೋಡೆಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ, ಅಲ್ಲಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಅದರ ಮೇಲೆ ನುಣುಪು ಮಣ್ಣು ಕೂರುತ್ತದೆ. ಜೇಡಿ ಕೂರಲು ಒಂದು ದಿನವೇ ಬೇಕು. ಮಾರನೇ ದಿನ ಸ್ಕೇಲ್ ಇಟ್ಟು ಮೂರು ಪದರ ಅಳೆಯಿರಿ. ಮರಳು ಅರ್ಧಕ್ಕಿಂತ ಸಾಕಷ್ಟು ಜಾಸ್ತಿ, ಜೇಡಿ ನೂರಕ್ಕೆ ಹತ್ತು–ಹದಿನೈದು ಪಾಲು ಇದ್ದರೆ ಸಿಮೆಂಟ್ ಬೆರೆಸಿ ಒತ್ತಲು ಯೋಗ್ಯ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಜೇಡಿ ಹೆಚ್ಚು ಬಂದರೆ ಎಂ ಸ್ಯಾಂಡೋ ಕ್ವಾರಿ ಪುಡಿಯೋ ಸೇರಿಸಿ ಮತ್ತೆ ಬಾಟಲಿ ಕುಲುಕಿ. ಇದು ಅಂದಾಜು ಲೆಕ್ಕ, ಪಕ್ಕಾ ಮಾಡಲು ಕಾಲೇಜು ಲ್ಯಾಬಿಗೆ ಕೊಡಿ.

ಸಿಮೆಂಟ್ ಸಾಮಾನ್ಯವಾಗಿ 7–8 ಶೇಕಡಾ. ಒತ್ತಿದ ಇಟ್ಟಿಗೆಯನ್ನು ಮೂರು–ನಾಲ್ಕು ವಾರ ತೇವ ಆರದಂತೆ ಕ್ಯೂರಿಂಗ್ ಮಾಡಬೇಕು. ಬಿಸಿಲಿಗೆ ಒಣಗಿಸಿಬಿಟ್ಟರೆ ಅದು ಬರೀ ಮಣ್ಣು. ಲ್ಯಾಬಿನಲ್ಲಿ ಕೇಳಬೇಕಾದ ಅಂಕಿ ನೀರಲ್ಲಿ ನೆನೆಸಿದ ಮೇಲಿನ ಬಲ. ಒಣಗಿದ್ದಾಗ ಗಟ್ಟಿ ಇರುವ ಮಣ್ಣಿನ ಇಟ್ಟಿಗೆ ನೆನೆದಾಗ ಬಹಳ ಕಳೆದುಕೊಳ್ಳುತ್ತದೆ.

ಸುಟ್ಟ ಇಟ್ಟಿಗೆಗೆ ಇನ್ನೂ ಸುಲಭ. ಚೆನ್ನಾಗಿ ಒಣಗಿದ್ದನ್ನು ತೂಗಿ, 24 ಗಂಟೆ ನೀರಲ್ಲಿಟ್ಟು ಮತ್ತೆ ತೂಗಿ. ಸಾಮಾನ್ಯ ದರ್ಜೆಯ ಇಟ್ಟಿಗೆ 20 ಶೇಕಡಾಕ್ಕಿಂತ ಜಾಸ್ತಿ ನೀರು ಕುಡಿಯಬಾರದು. 3 ಕೆ.ಜಿ. ಇದ್ದದ್ದು 3.6 ದಾಟಿದರೆ ಲೋಡು ವಾಪಸ್ ಕಳಿಸಿ.

ಯಾವುದೇ ಹೊಸ ಗೋಡೆ ಮಾಡುವ ಮೊದಲು ಏಪ್ರಿಲಿನಲ್ಲೇ ಜಾಗದ ಪಡುವಣ ಅಂಚಿಗೆ ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಮಾದರಿ ಗೋಡೆ ಕಟ್ಟಿಸಿ ಬಿಡಿ. ಸೆಪ್ಟೆಂಬರಿನಲ್ಲಿ ಚಾಕುವಿನ ತುದಿಯಿಂದ ಕೆರೆಯಿರಿ. ಪುಡಿ ಉದುರಿದರೆ ಸಿಮೆಂಟೋ ಸೂರೋ ಜಾಸ್ತಿಯಾಗಬೇಕು. ‘ಇದೆಲ್ಲ ನಮ್ ಕಡೆ ನಿಲ್ಲಲ್ಲ ಸಾರ್’ ಅನ್ನುವ ಮೇಸ್ತ್ರಿಯ ಕೈಯಲ್ಲೇ ಆ ಗೋಡೆ ಕಟ್ಟಿಸಿ. ಅವರ ಅನುಮಾನಕ್ಕೆ ಕಾರಣ ಇರುತ್ತದೆ, ಉತ್ತರ ಗೋಡೆಯೇ ಹೇಳಲಿ.

6. ಮರ

ಕಾಫಿ ತೋಟದಲ್ಲಿ ನೆರಳಿನ ಸಿಲ್ವರ್ ಓಕ್, ಅದೇ ಸಿಲ್ವರ್ ಮರ, ಕಣ್ಣ ಮುಂದೆಯೇ ಇರುತ್ತದೆ, ನಾವು ಮಲೇಷ್ಯಾದಿಂದ ಬಂದ ಮರದ ಬಾಗಿಲು ಕೊಳ್ಳುತ್ತೇವೆ. ಸಿಲ್ವರಿಗೆ ಹುಳ ಬೇಗ ಬೀಳುತ್ತದೆ ಅನ್ನುವುದು ನಿಜ. ಬೋರಿಕ್ ಆಸಿಡ್–ಬೊರಾಕ್ಸ್ ದ್ರಾವಣದಲ್ಲಿ ಉಪಚರಿಸಿ ಸರಿಯಾಗಿ ಒಣಗಿಸಿದರೆ ಒಳಗಿನ ಕಪಾಟು, ಮಂಚ, ಶೆಲ್ಫಿಗೆ ಧಾರಾಳವಾಗಿ ಬಳಸಬಹುದು. ಮಳೆಗೆ ನೆನೆಯುವ ಕಡೆ ಬೇಡ, ಆ ದ್ರಾವಣ ನೀರಿಗೆ ತೊಳೆದು ಹೋಗುತ್ತದೆ. ಬಿದಿರಿಗೂ ಇದೇ ಮಾತು. ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂಥ ಉಪಚಾರದ ಬಗ್ಗೆ ಕೆಲಸ ಮಾಡುವ ಜಾಗ, ಯಾವ ಮರ ಅಂತ ಗುರುತಿಸಿಕೊಡುವುದೂ ಅವರೇ.

ಹಳೇ ಮನೆ ಬಿಚ್ಚುವವರ ಹತ್ತಿರ ತೊಲೆ, ಜಂತೆ, ಬಾಗಿಲು, ಹಂಚು ಸಿಗುತ್ತವೆ. ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಂಚಿನ ಸದ್ದು ಬಂದರೆ ಒಳ್ಳೆಯದು, ಮಂದ ಸದ್ದು ಬಂದರೆ ಬಿರುಕು. ಮರದಲ್ಲಿ ಸಣ್ಣ ತೂತಿನ ಕೆಳಗೆ ಹೊಸ ಪುಡಿ ಇದ್ದರೆ ಹುಳ ಇನ್ನೂ ಬದುಕಿದೆ ಅಂತ. ತೇಗ, ಬೀಟೆ ಆದರೆ ಕಾಗದಪತ್ರ ಕೇಳಿಯೇ ದುಡ್ಡು ಕೊಡಿ. ಸ್ವಂತ ತೋಟದ ಹಲಸು, ಹೊನ್ನೆ, ನಂದಿ ಕಡಿಸುವುದಿದ್ದರೂ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

7. ಒಳಾಂಗಣ

ಹಸಿರು ಒಳಾಂಗಣ ಅಂತ ಮೂಲೆಗೊಂದು ಗಿಡದ ಕುಂಡ ಇಟ್ಟು ಒಳಗೆಲ್ಲ ಅಗ್ಗದ ಪ್ಲೈವುಡ್ ಬಡಿದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ. ಪ್ಲೈವುಡ್ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಹೊರಗೆ ಬರುತ್ತದೆ, ಮಳೆಗಾಲದಲ್ಲಿ ಕಿಟಕಿ ಮುಚ್ಚಿಕೊಂಡ ಮನೆಯಲ್ಲಿ ಅದು ಅಲ್ಲೇ ಸುತ್ತುತ್ತದೆ. ಆ ಅನಿಲ ಕಡಿಮೆ ಬಿಡುವ ಇ1 ಅಥವಾ ಇ0 ದರ್ಜೆ ಕೇಳಿ. ಅಡುಗೆಮನೆ, ಬಚ್ಚಲ ಪಕ್ಕಕ್ಕೆ ನೀರು ತಡೆಯುವ ಐಎಸ್ 710 ಪ್ಲೈವುಡ್ ಹಾಕಿಸಿ, ಬರೀ ತೇವ ತಡೆಯುವ ಐಎಸ್ 303 ಎಂಆರ್ ದರ್ಜೆ ಅಲ್ಲಿ ತಡೆಯುವುದಿಲ್ಲ.

ಮಲೆನಾಡಿನ ಕಡೆ ವಾರ್ಡ್‌ರೋಬ್ ಮಳೆ ಹೊಡೆಯುವ ಹೊರಗೋಡೆಗೆ ಅಂಟಿಸಲೇಬೇಡಿ. ಒಳಗೋಡೆಗೆ ಹಾಕಿ, ಹಿಂದೆ ಒಂದೆರಡು ಇಂಚು ಗಾಳಿ ಆಡಲಿ, ಬಾಗಿಲಿಗೆ ಬೆತ್ತದ ಹೆಣಿಗೆಯೋ ಜಾಲರಿಯೋ ಇರಲಿ. ಒಳಗೋಡೆಗೆ ಸುಣ್ಣ ಒಳ್ಳೆಯದು, ಗೋಡೆಯ ತೇವ ಹೊರಹೋಗಲು ಬಿಡುತ್ತದೆ, ಬೂಸ್ಟೂ ಬೇಗ ಹಿಡಿಯುವುದಿಲ್ಲ. ತೇವ ಇರುವ ಗೋಡೆಗೆ ಪುಟ್ಟಿ, ಎಮಲ್ಷನ್ ಬಳಿದರೆ ಹಪ್ಪಳದ ಹಾಗೆ ಏಳುತ್ತದೆ. ನೆಲಕ್ಕೆ ರೆಡ್ ಆಕ್ಸೈಡ್ ಮಾಡುವ ಕೈ ಕಡಿಮೆಯಾಗುತ್ತಿದೆ, ಬಲ್ಲ ಗಾರೆಯವರು ಸಿಕ್ಕರೆ ಬಿಡಬೇಡಿ. ತೆಂಗಿನ ನಾರಿನ ಚಾಪೆ ಅರಸೀಕೆರೆ, ಚನ್ನರಾಯಪಟ್ಟಣ ಕಡೆ ವರ್ಷವಿಡೀ ಹಾಸಬಹುದು, ಸಕಲೇಶಪುರದಲ್ಲಿ ಜೂನ್ ಬಂದರೆ ಸುತ್ತಿ ಅಟ್ಟಕ್ಕೆ ಹಾಕಬೇಕು.

ಅಂಗಡಿಯವರು ‘ಇಕೋ’ ಅಂದಾಗ ಗುರುತು ತೋರಿಸಲು ಹೇಳಿ. ಐಎಸ್‌ಐ ಮಾರ್ಕ್ ಕೆಳಗಿನ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಅಲ್ಲೇ ಗೊತ್ತಾಗುತ್ತದೆ. ಗ್ರೀನ್‌ಪ್ರೊ ಅನ್ನುವ ಪರಿಸರಸ್ನೇಹಿ ಸಾಮಾನಿನ ಗುರುತು ಇದೆ ಅಂತ ಹೇಳಿದರೆ ಆ ಪಟ್ಟಿಯಲ್ಲಿ ಅದೇ ಮಾಡೆಲ್ ಇದೆಯಾ ನೋಡಿ, ಕಂಪನಿ ಹೆಸರು ಇದ್ದರೆ ಸಾಲದು. ಫ್ಯಾನಿಗೆ ಸ್ಟಾರ್ ಲೇಬಲ್ 2023ರಿಂದ ಕಡ್ಡಾಯ. ಹಳೇ ಫ್ಯಾನ್ 75 ವ್ಯಾಟ್ ತಿನ್ನುವ ಕಡೆ ಕಡಿಮೆ ಕರೆಂಟಿನ ಮೋಟಾರಿರುವ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸಿನಲ್ಲಿ ಮುಗಿಸುತ್ತದೆ.

8. ನೀರು, ಕರೆಂಟು

ಒಂದು ಚದರ ಮೀಟರ್ ಚಾವಣಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 1000 ಚದರ ಅಡಿ ಅಂದರೆ ಸುಮಾರು 93 ಚದರ ಮೀಟರ್. ಪೋಲಾಗುವುದು ಕಳೆದು ನೂರಕ್ಕೆ ಎಂಬತ್ತು ಪಾಲು ಹಿಡಿದರೂ ಕಡೂರಿನಲ್ಲಿ ವರ್ಷಕ್ಕೆ 48,000 ಲೀಟರ್ ಹತ್ತಿರ, ಮೂಡಿಗೆರೆಯಲ್ಲಿ ಒಂದೂವರೆ ಲಕ್ಷ ಲೀಟರ್ ಹತ್ತಿರ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದರಲ್ಲಿ ಬಹಳ ಕೆಲಸ ಮಾಡಿದೆ. ಫಿಲ್ಟರ್, ತೊಟ್ಟಿ, ಇಂಗುಗುಂಡಿಗಳ ಮಾದರಿ ಕಣ್ಣಾರೆ ನೋಡಲು ಬೆಂಗಳೂರು ಜಯನಗರದ ಮಳೆನೀರು ಕೊಯ್ಲು ಉದ್ಯಾನಕ್ಕೆ ಹೋಗಿ ಬನ್ನಿ. ಒಂದು ಎಚ್ಚರಿಕೆ: ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ ಬರೆಯ, ಅಂದರೆ ಕಡಿದ ಗುಡ್ಡದ ಗೋಡೆಯಂಥ ಅಂಚಿನ, ಪಕ್ಕ ಇಂಗುಗುಂಡಿ ತೋಡಬೇಡಿ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜಾರಿದ್ದು ನೆನಪಿದೆಯಲ್ಲ. ಅಂಥ ಕಡೆ ನೀರನ್ನು ಪೈಪಿನಲ್ಲಿ ದೂರದ ಹಳ್ಳಕ್ಕೋ ಕೆರೆಗೋ ಸಾಗಿಸುವುದೇ ಸರಿ.

ಸೋಲಾರಿಗೆ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಬಂತು. 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, 3 ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಅರ್ಜಿ ಹಾಕುವಾಗ ಕರೆಂಟು ಕೊಡುವ ಕಂಪನಿ ಸರಿಯಾಗಿ ಆರಿಸಿ: ಹಾಸನ ಜಿಲ್ಲೆ ಮೈಸೂರಿನ ಸೆಸ್ಕ್ ಕೆಳಗೆ, ಚಿಕ್ಕಮಗಳೂರು ಮಂಗಳೂರಿನ ಮೆಸ್ಕಾಂ ಕೆಳಗೆ ಬರುತ್ತದೆ. ಮಾರುವವರು ವರ್ಷದ ಸರಾಸರಿ ಯೂನಿಟ್ ಹೇಳುತ್ತಾರೆ. ಗ್ಲೋಬಲ್ ಸೋಲಾರ್ ಅಟ್ಲಾಸ್ ಅನ್ನುವ ಉಚಿತ ನಕ್ಷೆಯಲ್ಲಿ ನಿಮ್ಮ ಊರಿನ ಮೇಲೆ ಒತ್ತಿ ತಿಂಗಳವಾರು ಲೆಕ್ಕ ತೆಗೆದು, ಜೂನ್‌ನಿಂದ ಆಗಸ್ಟ್‌ವರೆಗೆ ಎಷ್ಟು ಬರುತ್ತದೆ ನೋಡಿ. ನೀರು ಕಾಯಿಸಲು ಆ ಮೂರು ತಿಂಗಳು ಹಂಡೆ ಒಲೆಯೇ ಗತಿ ಅನ್ನಿಸಿದರೆ, ಬಚ್ಚಲಮನೆ ಪ್ಲಾನಿನಲ್ಲಿ ಈಗಲೇ ಅದಕ್ಕೆ ಜಾಗ, ಹೊಗೆ ಕೊಳವೆಗೆ ತೂತು ಬಿಡಿಸಿಕೊಳ್ಳಿ. ಮೋಲ್ಡ್ ಹಾಕಿದ ಮೇಲೆ ಕೊರೆಸಿದರೆ ಅಲ್ಲಿಂದಲೇ ಸೋರಲು ಶುರು.